ಆಟ ಮತ್ತು ಕಾಟ: ಶಾಲೆಯ ಮಕ್ಕಳಲ್ಲಿ ಪರಸ್ಪರ ಪೀಡನೆಯ ಕಾರಣ, ಪರಿಣಾಮಗಳು

ವ್ಯಾಸಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ಭೀಷ್ಮರ ಮುಂದೆ ತಮ್ಮ ಪೂರ್ವವೃತ್ತಾಂತವನ್ನು ನಿವೇದಿಸುವ ಸಂದರ್ಭವೊಂದಿದೆ. ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡ ಬಾಲಕ ಅಶ್ವತ್ಥಾಮನು ತನಗೂ ಹಾಲು ಬೇಕೆಂದು ಅತ್ತನು. ತಂದೆಯು ಹಸುವೊಂದನ್ನು ಅರಸುತ್ತ ದೇಶವೆಲ್ಲ ಅಲೆದು ಬರಿಗೈಯಲ್ಲಿ ಹಿಂದಿರುಗಿದನು. ಆಗ ಜೊತೆಯ ಹುಡುಗರು ನೀರಿನಲ್ಲಿ ಹಿಟ್ಟನ್ನು ಕಲಸಿ, ಇದೇ ಹಾಲೆಂದು ಅವನಿಗೆ ಕುಡಿಸಿದರು. ಎಂದೂ ಹಾಲಿನ ರುಚಿಯನ್ನು ಕಾಣದ ಬಾಲಕನು ತಾನು ಹಾಲು ಕುಡಿದೆನೆಂದು ಹಿಗ್ಗಿ ಕುಣಿದನು. ಸುತ್ತ ನೆರೆದವರು ಕೈತಟ್ಟಿ ನಕ್ಕರು. ಆ ನಗೆಯು ತಂದೆಯ ಎದೆಯನ್ನು ಇರಿಯಿತು. ಬಾಲ್ಯದ ಗೆಳೆಯನಾದ ದ್ರುಪದನ ಬಾಗಿಲಿಗೆ ಅವನು ಹೋದದ್ದು, ಅಲ್ಲಿ ತಿರಸ್ಕೃತನಾದದ್ದು, ಶಿಷ್ಯರ ಕೈಯಿಂದ ದ್ರುಪದನನ್ನು ಕಟ್ಟಿ ತರಿಸಿದ್ದು, ಆ ಅವಮಾನಕ್ಕೆ ಪ್ರತಿಯಾಗಿ ಯಜ್ಞಕುಂಡದಿಂದ ಧೃಷ್ಟದ್ಯುಮ್ನನು ಉದಿಸಿದ್ದು, ಕಡೆಗೆ ಅದೇ ಅಶ್ವತ್ಥಾಮನು ನಡುರಾತ್ರಿಯಲ್ಲಿ ಶಿಬಿರವನ್ನು ಹೊಕ್ಕು ಧೃಷ್ಟದ್ಯುಮ್ನನನ್ನು ಕೊಂದದ್ದು, ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಭಾರತಯುದ್ಧಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬಟ್ಟಲು ಹಿಟ್ಟಿನ ನೀರೂ ಸೇರಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು.

ಅದೇ ಪರ್ವದಲ್ಲಿ ಇನ್ನೊಂದು ಚಿತ್ರವೂ ಉಂಟು. ಬಾಲಕ ಭೀಮಸೇನನು ಕೌರವರ ಮಕ್ಕಳನ್ನು ಜುಟ್ಟು ಹಿಡಿದು ಎಳೆಯುವನು, ನೀರಾಟದಲ್ಲಿ ಹಲವರನ್ನು ಒಟ್ಟಿಗೆ ತಬ್ಬಿ ಮುಳುಗಿಸಿ ಹಿಡಿಯುವನು, ಅವರು ಹಣ್ಣಿಗಾಗಿ ಮರವನ್ನೇರಿದರೆ ಬುಡವನ್ನು ಒದ್ದು ಹಣ್ಣುಗಳೊಡನೆ ಅವರನ್ನೂ ಉದುರಿಸುವನು. ಇದನ್ನು ಹೇಳುವಾಗ ಮಹರ್ಷಿಯು ಒಂದು ಮಾತನ್ನು ಎಚ್ಚರದಿಂದ ಸೇರಿಸುತ್ತಾನೆ: ಭೀಮನು ಹಾಗೆ ಮಾಡಿದ್ದು ದ್ವೇಷದಿಂದಲ್ಲ, ಹುಡುಗತನದಿಂದ. ಆದರೆ ಕೊಂಬೆಯಿಂದ ಬಿದ್ದವರಿಗೆ ಈ ಭೇದವು ತಿಳಿಯಲಿಲ್ಲ. ಪ್ರಮಾಣಕೋಟಿಯಲ್ಲಿ ದುರ್ಯೋಧನನು ಭೀಮನಿಗೆ ವಿಷವನ್ನಿಕ್ಕಿ, ಬಳ್ಳಿಗಳಿಂದ ಬಿಗಿದು ಗಂಗೆಗೆ ನೂಕಿದ ಪ್ರಸಂಗವು ಇದರ ಬೆನ್ನಿಗೇ ಬರುತ್ತದೆ. ದುರ್ಯೋಧನನ ಪಾಪವನ್ನು ಇದರಿಂದ ಯಾರೂ ಕ್ಷಮಿಸಬೇಕಾಗಿಲ್ಲ. ಮಾಡಿದವನ ಉದ್ದೇಶವು ನಿರ್ಮಲವಾಗಿದ್ದರೂ ಅನುಭವಿಸಿದವನ ಎದೆಯಲ್ಲಿ ಉಳಿಯುವುದು ಬೇರೆಯೇ ಎಂಬುದನ್ನು ಮಾತ್ರ ಗಮನಿಸಿದರೆ ಸಾಕು.

ಕನ್ನಡ ವ್ಯಾಕರಣದಲ್ಲಿ 'ಆಡು' ಧಾತುವಿನಿಂದ 'ಆಟ' ಎಂಬ ಭಾವನಾಮವು ಸಿದ್ಧಿಸುತ್ತದೆ. 'ಕಾಡು' ಧಾತುವಿನಿಂದ ಅದೇ ಕ್ರಮದಲ್ಲಿ 'ಕಾಟ' ಎಂದಾಗುತ್ತದೆ. ನೋಡು–ನೋಟ, ಓಡು–ಓಟ, ಕೂಡು–ಕೂಟ, ಎಲ್ಲವೂ ಒಂದೇ ಎರಕದವು. ಶಬ್ದದಲ್ಲಿ ಆಟಕ್ಕೂ ಕಾಟಕ್ಕೂ ಇರುವ ಅಂತರ ಒಂದು ಕಕಾರ ಮಾತ್ರ. ಶಾಲೆಯ ಅಂಗಳದಲ್ಲಿಯೂ ದೂರದಿಂದ ನೋಡುವ ಕಣ್ಣಿಗೆ ಅಂತರವು ಅಷ್ಟೇ ಸೂಕ್ಷ್ಮವಾಗಿ ತೋರುವುದರಿಂದ, ಕಾಟವನ್ನು ಆಟವೆಂದು ಓದಿಕೊಂಡು ಮುಂದೆ ಸಾಗುವ ಉಪಾಧ್ಯಾಯರು ಕಡಿಮೆಯಿಲ್ಲ. ಕೀಟಲೆ, ಚೇಷ್ಟೆ, ಅಣಕ, ಗೇಲಿ, ಮೂದಲಿಕೆ, ದಬ್ಬಾಳಿಕೆ ಎಂದು ನಮ್ಮ ನುಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ಕೀಟಲೆಯಲ್ಲಿ ಇಬ್ಬರೂ ನಗುತ್ತಾರೆ, ಇಂದು ಮಾಡಿದವನು ನಾಳೆ ಮಾಡಿಸಿಕೊಳ್ಳುತ್ತಾನೆ. ಜಗಳದಲ್ಲಿ ಇಬ್ಬರೂ ಸಮಬಲರು. ಕಾಟದಲ್ಲಿ ನಗುವವರು ಒಂದು ಕಡೆಯವರು ಮಾತ್ರ, ಮತ್ತು ಪಾತ್ರಗಳು ಎಂದಿಗೂ ಅದಲುಬದಲಾಗುವುದಿಲ್ಲ.

ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಮೊದಲಿಗರು ಡಾನ್ ಓಲ್ವೇಯಸ್. ಸ್ವೀಡನ್ನಿನಲ್ಲಿ ಜನಿಸಿ ನಾರ್ವೆಯ ಬರ್ಗೆನ್ ನಗರದಲ್ಲಿ ದೀರ್ಘಕಾಲ ಅಧ್ಯಾಪನ, ಸಂಶೋಧನೆಗಳನ್ನು ನಡೆಸಿದ ಈ ಮನಶ್ಶಾಸ್ತ್ರಜ್ಞರು 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. 2020ರಲ್ಲಿ ನಿಧನ ಹೊಂದಿದರು. ಪೀಡನೆಗೆ ಅವರು ಹೇಳಿದ ಲಕ್ಷಣಗಳು ಮೂರು: ನೋಯಿಸುವ ಉದ್ದೇಶ, ಪುನರಾವೃತ್ತಿ, ಬಲದ ಅಸಮತೆ. ಬಲವೆಂದರೆ ತೋಳಿನ ಬಲವೇ ಆಗಬೇಕಾಗಿಲ್ಲ. ಸಂಖ್ಯೆಯ ಬಲ, ಮಾತಿನ ಬಲ, ಮನೆತನದ ಬಲ, ಹಣದ ಬಲ ಯಾವುದಾದರೂ ಆಗಬಹುದು. ಹೊಡೆತ ಬಡಿತಗಳು ಕಣ್ಣಿಗೆ ಬೀಳುತ್ತವೆ. ಒಬ್ಬಳನ್ನು ಪಂಕ್ತಿಯಿಂದ, ಆಟದಿಂದ, ಗುಟ್ಟಿನ ಮಾತಿನಿಂದ ದಿನವೂ ಹೊರಗಿಡುವುದು ಕಣ್ಣಿಗೆ ಬೀಳುವುದಿಲ್ಲ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಈ ಎರಡನೆಯ ಬಗೆಯೇ ಹೆಚ್ಚು.

1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಹತ್ತರಿಂದ ಹದಿನಾಲ್ಕು ವರ್ಷದೊಳಗಿನ ಮೂವರು ಬಾಲಕರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕೆಂಬ ವಾರ್ತೆಯಿಂದ ಆ ಚಿಕ್ಕ ದೇಶವು ತಲ್ಲಣಿಸಿತು. ಮರುವರ್ಷವೇ ಅಲ್ಲಿಯ ಸರ್ಕಾರವು ರಾಷ್ಟ್ರವ್ಯಾಪಿಯಾದ ಅಭಿಯಾನವನ್ನು ಕೈಗೊಂಡಿತು. ಬರ್ಗೆನ್ನಿನ 42 ಶಾಲೆಗಳ ಸುಮಾರು 2,500 ವಿದ್ಯಾರ್ಥಿಗಳನ್ನು ಓಲ್ವೇಯಸ್ ಎರಡೂವರೆ ವರ್ಷಗಳ ಕಾಲ ಪರಿಶೀಲಿಸಿದರು. ಅಭಿಯಾನದ ಫಲವಾಗಿ ಪೀಡನೆಯ ಪ್ರಮಾಣವು ಸರಿಸುಮಾರು ಅರ್ಧಕ್ಕಿಳಿಯಿತು. ಅದರ ಜೊತೆಗೆ ಕಳವು, ಶಾಲೆಯ ಸೊತ್ತನ್ನು ಹಾಳುಗೆಡಹುವುದು, ಹೇಳದೆ ತಪ್ಪಿಸಿಕೊಳ್ಳುವುದು ಇವೂ ಇಳಿದವು.

ಲೋಕರೂಢಿಯ ಎಷ್ಟೋ ನಂಬಿಕೆಗಳನ್ನು ಆ ಪರಿಶೀಲನೆಗಳು ಅಲ್ಲಗಳೆದವು. ತರಗತಿಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿದರೆ ಕಾಟ ಹೆಚ್ಚುವುದೆಂದು ಹೇಳುವುದುಂಟು. ಸ್ಕ್ಯಾಂಡಿನೇವಿಯದ ಶಾಲೆಗಳಲ್ಲಿ ಅದು ಕಂಡುಬರಲಿಲ್ಲ. ದಪ್ಪಗಿರುವುದು, ಕನ್ನಡಕ, ತೊದಲು ಮುಂತಾದ ಹೊರಗಿನ ಲಕ್ಷಣಗಳೇ ಮಗುವನ್ನು ಗುರಿಯಾಗಿಸುತ್ತವೆ ಎಂಬುದೂ ಅರೆಸತ್ಯ. ಪ್ರತಿಯೊಂದು ಮಗುವಿನಲ್ಲಿಯೂ ಹುಡುಕಿದರೆ ಏನಾದರೊಂದು ವೈಲಕ್ಷಣ್ಯ ಸಿಕ್ಕೇ ಸಿಗುತ್ತದೆ. ಪೀಡಕನು ಮೊದಲು ಮಗುವನ್ನು ಆರಿಸಿಕೊಳ್ಳುತ್ತಾನೆ, ಆಮೇಲೆ ಹೆಸರಿಡುತ್ತಾನೆ. ಅಂಜುವ, ತಿರುಗಿ ಮಾತನಾಡದ, ಗೆಳೆಯರಿಲ್ಲದ ಮಗುವೇ ಅವನ ಆಯ್ಕೆ. ಕಾಡುವವನು ಒಳಗೆ ಅಂಜುಬುರುಕನು ಎಂಬ ಸಾಂತ್ವನದ ಮಾತಿಗೂ ಆಧಾರ ದೊರೆಯಲಿಲ್ಲ. ಅಂಥವರಲ್ಲಿ ಬಹುಮಂದಿ ಆತ್ಮವಿಶ್ವಾಸವುಳ್ಳವರೇ.

ಹಾಗಾದರೆ ಕಾಡುವ ಸ್ವಭಾವವು ಎಲ್ಲಿಂದ ಬರುತ್ತದೆ? ತಾಯಿತಂದೆಗಳ ಪ್ರೀತಿ, ಆಸ್ಥೆಗಳ ಕೊರತೆ. ಮಗುವು ಇತರರ ಮೇಲೆ ಕೈ ಮಾಡಿದಾಗ ತಡೆಯದೆ ಬಿಡುವ ಸಡಿಲತೆ. ಇಲ್ಲವೆ ಎಲ್ಲಕ್ಕೂ ಬೆತ್ತವೊಂದೇ ಉತ್ತರವೆಂಬ ಕ್ರೌರ್ಯ. ಹುಟ್ಟಿನಿಂದಲೇ ಬಂದ ಬಿಸಿರಕ್ತವೂ ಇದಕ್ಕೆ ಕೂಡಿಕೊಳ್ಳುತ್ತದೆ. ಮನೆಯಲ್ಲಿ ಅತಿಯಾಗಿ ಪೆಟ್ಟು ತಿನ್ನುವ ಹುಡುಗನು ಬಲವುಳ್ಳವನು ಬಲಹೀನನನ್ನು ಹೊಡೆಯುವುದೇ ಲೋಕದ ನಿಯಮವೆಂದು ಕಲಿಯುತ್ತಾನೆ. ಆ ಪಾಠವನ್ನು ಅವನು ಶಾಲೆಯಲ್ಲಿ ಒಪ್ಪಿಸುತ್ತಾನೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಬೇರಿದೆ. ಡಾ. ಬಿ. ಆರ್. ಅಂಬೇಡ್ಕರರು ಬಾಲ್ಯದಲ್ಲಿ ತರಗತಿಯ ಒಂದು ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕಾಗಿತ್ತು. ಶಾಲೆಯ ಸೇವಕನು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಪ್ರತಿದಿನವೂ ಅದನ್ನು ಮನೆಗೆ ಒಯ್ದು ಮರಳಿ ತರಬೇಕಾಗಿತ್ತು. ಬಾಯಾರಿದರೆ ಜವಾನನು ಬಂದು ನಲ್ಲಿಯನ್ನು ತಿರುಗಿಸಬೇಕು. ಜವಾನನಿಲ್ಲದ ದಿನ ನೀರಿಲ್ಲ. ಈ ಸಂಗತಿಗಳನ್ನು ಅವರೇ ತಮ್ಮ ಆತ್ಮಕಥನದ ಪುಟಗಳಲ್ಲಿ ಬರೆದಿದ್ದಾರೆ. ಇಲ್ಲಿ ಪೀಡಕರು ಮಕ್ಕಳಲ್ಲ, ವ್ಯವಸ್ಥೆಯೇ. ಹಿರಿಯರು ಮೂಲೆಗೆ ಕೂರಿಸಿದ ಮಗುವನ್ನು ಕಿರಿಯರು ಮಧ್ಯಕ್ಕೆ ಕರೆಯುವರೇ? ಜಾತಿಯನ್ನು, ಬಡತನವನ್ನು, ತಂದೆಯ ಕಸುಬನ್ನು, ಹಳ್ಳಿಯ ಉಚ್ಚಾರಣೆಯನ್ನು ಹಿಡಿದು ಹಂಗಿಸುವ ಮಾತು ಮಗುವಿನ ಬಾಯಲ್ಲಿ ಬಂದರೆ, ಅದು ಅದಕ್ಕೆ ಮೊದಲು ಯಾವುದೋ ಮನೆಯ ಜಗಲಿಯ ಮೇಲೆ ಆಡಲ್ಪಟ್ಟ ಮಾತೇ ಆಗಿರುತ್ತದೆ. ಹಳ್ಳಿಯಿಂದ ಬಂದು ಪಟ್ಟಣದ ವಿದ್ಯಾರ್ಥಿನಿಲಯವನ್ನು ಸೇರಿದ ಮಗುವು ಹಕಾರವನ್ನು ಅಕಾರವಾಗಿ ನುಡಿದುದಕ್ಕೆ ತರಗತಿಯೆಲ್ಲ ನಕ್ಕರೆ, ಭಾಷೆಯ ಉಪಾಧ್ಯಾಯನು ಆ ನಗೆಯನ್ನು ಕೂಡಲೆ ನಿಲ್ಲಿಸಬೇಕು. ಉಚ್ಚಾರಣೆಯನ್ನು ತಿದ್ದುವುದು ಆಮೇಲಿನ ಕೆಲಸ.

ಇನ್ನು ಪರಿಣಾಮಗಳು. ಬಟ್ಟೆ ಹರಿದಿರುವುದು, ಪುಸ್ತಕ ಕಳೆಯುವುದು, ಬೆಳಗಾದರೆ ಹೊಟ್ಟೆನೋವು, ತಲೆನೋವು, ಸೋಮವಾರದ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವುದು, ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಹಿಂದೆ ಬೀಳುವುದು: ಇವು ಹತ್ತಿರದ ಕುರುಹುಗಳು. ದೂರದವು ಇನ್ನೂ ಗಂಭೀರ. 1958ರ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಜನಿಸಿದ ಮಕ್ಕಳನ್ನು ಜೀವನದುದ್ದಕ್ಕೂ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದುಂಟು. ಅವರಲ್ಲಿ 7,771 ಮಂದಿಯ ವಿವರಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಏಳು ಮತ್ತು ಹನ್ನೊಂದನೆಯ ವಯಸ್ಸಿನಲ್ಲಿ ಮೇಲಿಂದ ಮೇಲೆ ಕಾಟಕ್ಕೆ ಗುರಿಯಾದವರಲ್ಲಿ ಐವತ್ತನೆಯ ವಯಸ್ಸಿನಲ್ಲಿಯೂ ಖಿನ್ನತೆ, ಆತಂಕಗಳು ಇತರರಿಗಿಂತ ಹೆಚ್ಚು. ಅವರ ಸಂಪಾದನೆಯೂ ಗೆಳೆತನಗಳೂ ಕಡಿಮೆ. ಕಾಲವೇ ಎಲ್ಲವನ್ನೂ ಮರೆಸುತ್ತದೆಂದು ನಂಬುವ ಹಿರಿಯರು ಈ ನಾಲ್ಕು ದಶಕಗಳ ಲೆಕ್ಕವನ್ನು ಪರಾಂಬರಿಸಬೇಕು.

ಕಾಡಿದವನೂ ಸುಖವಾಗಿ ಉಳಿಯುವುದಿಲ್ಲ. ಓಲ್ವೇಯಸ್ ಗುರುತಿಸಿದ ಪೀಡಕ ಬಾಲಕರಲ್ಲಿ ಸುಮಾರು ನೂರಕ್ಕೆ ಅರವತ್ತು ಮಂದಿ ಇಪ್ಪತ್ತನಾಲ್ಕನೆಯ ವಯಸ್ಸಿನೊಳಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಅಪರಾಧಿಗಳೆನಿಸಿದ್ದರು. ನೂರಕ್ಕೆ ಮೂವತ್ತೈದರಿಂದ ನಲವತ್ತು ಮಂದಿ ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ. ಕಾಡದೆಯೂ ಕಾಡಿಸಿಕೊಳ್ಳದೆಯೂ ಬೆಳೆದವರಲ್ಲಿ ಈ ಕೊನೆಯ ಸಂಖ್ಯೆ ನೂರಕ್ಕೆ ಹತ್ತು. ಎಂದಮೇಲೆ ಕಾಡುವ ಹುಡುಗನನ್ನು ತಡೆಯುವುದು ಅವನಿಗೇ ಮಾಡುವ ಉಪಕಾರವೂ ಹೌದು. ಶಾಲೆಗೆ ಕೀರ್ತಿ ತರುವ ಆಟಗಾರನೆಂದೋ, ದಾನಿಗಳ ಮಗನೆಂದೋ ಅವನನ್ನು ನೋಡಿಯೂ ನೋಡದಂತೆ ಬಿಡುವವರು ಅವನ ಹಿತೈಷಿಗಳಲ್ಲ.

ನೋಡುತ್ತ ನಿಂತವರ ಪಾತ್ರವನ್ನು ಕುರಿತು ಎರಡು ಮಾತು ಅಗತ್ಯ. ಕೆನಡಾ ದೇಶದ ಸಂಶೋಧಕರು ಆಟದ ಬಯಲಿನಲ್ಲಿ ಚಿತ್ರೀಕರಣ ನಡೆಸಿ ಪರಿಶೀಲಿಸಿದಾಗ, ಬಹುಪಾಲು ಪ್ರಸಂಗಗಳಲ್ಲಿ ಇತರ ಮಕ್ಕಳು ಸುತ್ತ ನೆರೆದಿದ್ದರು. ಅವರಲ್ಲಿ ಯಾರಾದರೂ ಮುಂದೆ ಬಂದು ತಡೆದ ಸಂದರ್ಭಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಹತ್ತು ಸೆಕೆಂಡುಗಳಲ್ಲಿ ಮುಗಿದುಹೋದವು. ಪೀಡಕನಿಗೆ ಬೇಕಾಗಿರುವುದು ಸಭೆ. ಸಭೆಯು ನಗದಿದ್ದರೆ ನಾಟಕವು ಸಾಗದು. ಅಶ್ವತ್ಥಾಮನ ಕಥೆಯಲ್ಲಿ ಹಿಟ್ಟು ಕಲಸಿದ ಕೈಗಳು ಎರಡೋ ನಾಲ್ಕೋ ಇದ್ದಿರಬಹುದು, ನಕ್ಕ ಬಾಯಿಗಳು ಹಲವು. ಫಿನ್ಲೆಂಡ್ ದೇಶದ ಶಾಲೆಗಳು ಈ ತತ್ತ್ವವನ್ನೇ ಹಿಡಿದು, ನೋಡುವ ಮಕ್ಕಳಿಗೆ ಮೊದಲು ಶಿಕ್ಷಣ ಕೊಡುವ ಕ್ರಮವನ್ನು ರೂಢಿಸಿಕೊಂಡಿವೆ.

ಈಚಿನ ವರ್ಷಗಳಲ್ಲಿ ಸಭೆಯು ಮೊಬೈಲ್ ಫೋನಿನೊಳಗೂ ಸೇರಿಕೊಂಡಿದೆ. ಹಿಂದೆ ಶಾಲೆಯ ಗಂಟೆ ಬಾರಿಸಿದರೆ ಮಗುವಿಗೆ ಮನೆಯಾದರೂ ಆಶ್ರಯವಾಗಿತ್ತು. ಈಗ ಅಣಕದ ಚಿತ್ರವೊಂದು ರಾತ್ರಿ ಹಾಸಿಗೆಯವರೆಗೂ ಹಿಂಬಾಲಿಸುತ್ತದೆ. ಜಗತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಲ್ಲೊಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳ ಪೀಡನೆಗೆ ಒಳಗಾಗಿದ್ದರೆಂದು ಯುನೆಸ್ಕೊ ಸಂಸ್ಥೆಯು 2019ರಲ್ಲಿ ವರದಿ ಮಾಡಿತು. 

ಕಾನೂನು ಸುಮ್ಮನೆ ಕುಳಿತಿಲ್ಲ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ನಿಷೇಧಿಸುತ್ತದೆ. 2009ರ ಶಿಕ್ಷಣದ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಕೂಡದೆನ್ನುತ್ತದೆ. ಸಂಕಟದಲ್ಲಿರುವ ಮಗುವಿಗೆ 1098 ಎಂಬ ದೂರವಾಣಿ ಸಂಖ್ಯೆಯುಂಟು. ಆದರೆ ನಾಲ್ಕನೆಯ ತರಗತಿಯ ಮಗುವು ಕಾಯಿದೆಯನ್ನು ಓದಿ ದೂರು ಕೊಡಲಾರದು. ಅದು ಗುರುವಿನ ಮುಖವನ್ನು ಓದುತ್ತದೆ. ಒಮ್ಮೆ ಧೈರ್ಯಮಾಡಿ ಹೇಳಿಕೊಂಡಾಗ 'ನೀನೇನು ಮಾಡಿದ್ದೆ ಮೊದಲು?' ಎಂಬ ಪ್ರಶ್ನೆಯೇ ಎದುರಾದರೆ ಮತ್ತೆಂದೂ ಬಾಯಿ ಬಿಡುವುದಿಲ್ಲ. ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ಕೈ ಕುಲುಕಿಸಿ ಕಳಿಸುವ ಪದ್ಧತಿಯೂ ಒಳ್ಳೆಯದಲ್ಲ. ಸಮಬಲರ ಜಗಳಕ್ಕೆ ಸಲ್ಲುವ ಆ ಮದ್ದನ್ನು ಕಾಟಕ್ಕೆ ಪ್ರಯೋಗಿಸಿದರೆ, ಬಲಹೀನನು ಕೊಠಡಿಯ ಹೊರಗೆ ಅದರ ಬೆಲೆಯನ್ನು ತೆರಬೇಕಾಗುತ್ತದೆ. ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳಬೇಕು, ಬರೆದಿಟ್ಟುಕೊಳ್ಳಬೇಕು, ವಾರ ಕಳೆದ ಮೇಲೆ ಮತ್ತೆ ಕರೆದು ವಿಚಾರಿಸಬೇಕು. ಈ ಮೂರನೆಯದನ್ನೇ ಬಹುತೇಕ ಶಾಲೆಗಳು ಮರೆಯುತ್ತವೆ.

ಉಪಾಧ್ಯಾಯರೇ ಇಟ್ಟ ಅಡ್ಡಹೆಸರುಗಳ ವಿಷಯವು ಕಹಿಯಾದರೂ ಹೇಳಲೇಬೇಕಾದುದು. ಪಾಠದ ನಡುವೆ ನಗೆಯುಕ್ಕಿಸಲೆಂದು ಕುಳ್ಳನಿಗೂ ಕಪ್ಪಗಿನವನಿಗೂ ತೊದಲುವವನಿಗೂ ಗುರುವು ಕೊಟ್ಟ ಹೆಸರು ಅದೇ ಕ್ಷಣದಲ್ಲಿ ತರಗತಿಯ ಅನುಮತಿಪತ್ರವಾಗಿಬಿಡುತ್ತದೆ. ಹಳೆಯ ವಿದ್ಯಾರ್ಥಿಗಳ ಕೂಟಗಳಲ್ಲಿ ಅಂಥ ಹೆಸರುಗಳನ್ನು ಕೂಗಿ ನಗುವಾಗ, ಆ ಹೆಸರಿನವರು ಕೂಟಕ್ಕೆ ಬಂದಿರುವರೋ ಇಲ್ಲವೋ ಎಂಬುದನ್ನು ಒಮ್ಮೆ ಎಣಿಸಿ ನೋಡಬಹುದು.

ಬರ್ಗೆನ್ನಿನ ಪರಿಶೀಲನೆಗಳಲ್ಲಿ ಕಂಡುಬಂದ ಅತ್ಯಂತ ಸರಳವಾದ ಸಂಗತಿಯೊಂದಿದೆ. ಕಾಟವು ನಡೆಯುವುದು ದಾರಿಯಲ್ಲಿ ಅಲ್ಲ, ಹೆಚ್ಚಾಗಿ ಶಾಲೆಯ ಆವರಣದಲ್ಲಿಯೇ. ಮತ್ತು ವಿರಾಮಕಾಲದಲ್ಲಿ ಬಯಲಿನಲ್ಲಿ ಇರುವ ಉಪಾಧ್ಯಾಯರ ಸಂಖ್ಯೆ ಹೆಚ್ಚಿದಷ್ಟೂ ಅದು ಕಡಿಮೆ. ನಮ್ಮ ಶಾಲೆಗಳಿಗೆ ಇದನ್ನು ಅನ್ವಯಿಸಿದರೆ, ವಿರಾಮದ ಗಂಟೆಯಲ್ಲಿ ಎಲ್ಲರೂ ಚಹಾಕ್ಕೆಂದು ಒಂದೇ ಕೊಠಡಿಯನ್ನು ಸೇರುವ ಬದಲು ಇಬ್ಬರಾದರೂ ಸರದಿಯಂತೆ ನೀರಿನ ತೊಟ್ಟಿಯ ಬಳಿ, ಶೌಚಾಲಯದ ಹಿಂದೆ, ಮೆಟ್ಟಿಲಿನ ತಿರುವಿನಲ್ಲಿ ಅಡ್ಡಾಡಬೇಕು. ವಿದ್ಯಾರ್ಥಿನಿಲಯದಲ್ಲಿ ಸ್ನಾನದ ಸರದಿಯನ್ನು, ದಾಸೋಹದ ಪಂಕ್ತಿಯನ್ನು, ದೀಪ ಆರಿದ ಮೇಲಿನ ಮೊದಲ ಅರ್ಧ ಗಂಟೆಯನ್ನು ನಿಲಯಪಾಲಕರು ಕಾಯಬೇಕು. ತನ್ನ ತಟ್ಟೆಯ ಜೊತೆಗೆ ಇನ್ನೊಬ್ಬನ ತಟ್ಟೆಯನ್ನೂ ತೊಳೆಯುವ ಹುಡುಗನು ಕಂಡರೆ, ಏಕೆಂದು ಅವನೊಬ್ಬನನ್ನೇ ಕರೆದು ಕೇಳಬೇಕು. ವ್ಯಾಯಾಮದ ಉಪಾಧ್ಯಾಯರು ಇಬ್ಬರು ನಾಯಕರನ್ನು ನಿಲ್ಲಿಸಿ ಬೇಕಾದವರನ್ನು ಆರಿಸಿಕೊಳ್ಳಿರೆನ್ನುವ ರೂಢಿಯನ್ನು ಬಿಡಬಹುದು. ಎಲ್ಲರೂ ಹಂಚಿಹೋದ ಮೇಲೆ ಕೊನೆಗೆ ಉಳಿಯುವ ಮಗುವು ಪ್ರತಿದಿನವೂ ಒಂದೇ ಆಗಿರುತ್ತದೆ. ಹಾಜರಿ ಪುಸ್ತಕದ ಸಮಸಂಖ್ಯೆಯವರು ಒಂದು ಕಡೆ, ವಿಷಮಸಂಖ್ಯೆಯವರು ಇನ್ನೊಂದು ಕಡೆ ಎಂದರೆ ಒಂದು ನಿಮಿಷದಲ್ಲಿ ತಂಡಗಳು ಸಿದ್ಧವಾಗುತ್ತವೆ.