ಕಸೂತಿ ಗೋಪುರ ಕಲಿಸಿದ ಸಮಾಂತರ ಶ್ರೇಢಿ

ಇಳಕಲ್‌ನ ಪ್ರೌಢಶಾಲೆಯೊಂದರಲ್ಲಿ 10ನೇ ತರಗತಿಗೆ ಸಮಾಂತರ ಶ್ರೇಢಿಯ ಅಭ್ಯಾಸ ಪಾಠ. ಬಾದಾಮಿಯ ಮಾಲೆಗಿತ್ತಿ ಶಿವಾಲಯದ ಚಿತ್ರ ತೋರಿಸಿ, ಮೇಲೇರಿದಂತೆ ಕಿರಿದಾಗುವ ಶಿಖರದಿಂದಲೇ ಪೀಠಿಕೆ ಹಾಕಿದೆ. ಇಳಕಲ್ ಸೀರೆಯ ಮೇಲಿನ ಕಸೂತಿಯಲ್ಲೂ ಗೋಪುರವಿದೆ. ಅದನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ. ಆದ್ದರಿಂದ ಗ್ರಾಫ್ ಹಾಳೆಯೇ ಪಾಠೋಪಕರಣ. ಕುರ್ತಾದ ತೋಳಿಗೆ ಗೋಪುರದ ವಿನ್ಯಾಸ ರಚಿಸುವುದೇ ಚಟುವಟಿಕೆ.

ಕಪ್ಪುಹಲಗೆಯ ಮೇಲೆ ಕೆಳಗಿನಿಂದ 7, 6, 5, 4 ಮನೆಗಳ ಸಾಲು ಬರೆದೆ. ಅಷ್ಟು ದಿನ ಮಾತೇ ಆಡದ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು: “ಸರ, ಹಿಂಗ ಮಾಡಿದ್ರ ಗೋಪುರ ಒಂದ ಕಡಿ ವಾಲತೈತ್ರಿ. ಎರಡೂ ಕಡಿ ಒಂದೊಂದು ಮನಿ ಬಿಡಬೇಕ್ರಿ.” ಅವಳ ತಾಯಿ ಕಸೂತಿ ಹಾಕುವವರು.

ಅವಳು ಹೇಳಿದಂತೆ ತಿದ್ದಿದಾಗ 7, 5, 3, 1 ಬಂತು. ಸಾಮಾನ್ಯ ವ್ಯತ್ಯಾಸ –2. 4 ಸಾಲಿಗೆ ಒಟ್ಟು 16 ಮನೆ, ಅಂದರೆ 4ರ ವರ್ಗ. ತಳದಲ್ಲಿ 9 ಮನೆಯ ಸಾಲು ಸೇರಿಸಿದರೆ? “25!” ಎಂದು ತರಗತಿಯೇ ಕೂಗಿತು.

ವೀಕ್ಷಕರ ಎದುರು ತಪ್ಪು ಒಪ್ಪಿಕೊಳ್ಳಲು ಅಂಜಿಕೆಯಾಗಿತ್ತು. ಈಗ ಪಾಠ ಯೋಜನೆಯ ‘ಪೂರ್ವಜ್ಞಾನ’ದ ಅಂಕಣದಲ್ಲಿ ಹಿಂದಿನ ತರಗತಿಯ ಪಾಠದ ಜೊತೆಗೆ ಮಕ್ಕಳ ಮನೆಯ ಕಸುಬನ್ನೂ ಬರೆದುಕೊಳ್ಳುತ್ತೇನೆ.