ಅಂಗಮರ್ದನದ ಕಲಿಕೆ ಮತ್ತು ಸರಿಯಾದ ಭಂಗಿ

ಮಹಾನಗರದ ನಿವಾಸಿಗೆ ನೆರೆಮನೆಯವರಿಗಿಂತಲೂ ಬೆನ್ನುನೋವೇ ಹೆಚ್ಚು ಪರಿಚಿತ. ಬೆಳಿಗ್ಗೆ ನೂಕುನುಗ್ಗಲಿನ ಪ್ರಯಾಣ, ಹಗಲೆಲ್ಲ ಮೇಜಿನ ಮೇಲೆ ಬಾಗಿ ದುಡಿಮೆ, ರಾತ್ರಿ ತಲೆ ತಗ್ಗಿಸಿ ಮೊಬೈಲ್ ವೀಕ್ಷಣೆ – ಇವೆಲ್ಲದರ ಲೆಕ್ಕವನ್ನು ಬೆನ್ನು ತಪ್ಪದೆ ಬರೆದಿಡುತ್ತದೆ. ನೋವು ಬಂದಾಗ ಎಣ್ಣೆ ತಿಕ್ಕಿಸಿಕೊಳ್ಳುವುದು ವಾಡಿಕೆ. ಆದರೆ ತಿಕ್ಕುವ ವಿದ್ಯೆಗೂ ದೇಹದ ಭಂಗಿಗೂ ಇರುವ ಸಂಬಂಧವನ್ನು ಅರಿತವರು ವಿರಳ.

ಹಿನ್ನೆಲೆ

ದೀಪಾವಳಿಯ ಎಣ್ಣೆಸ್ನಾನ ಕನ್ನಡಿಗರಿಗೆ ಹೊಸದಲ್ಲ. ವಾಗ್ಭಟನ ‘ಅಷ್ಟಾಂಗ ಹೃದಯ’ವು ಅಭ್ಯಂಗವನ್ನು ದಿನಚರ್ಯೆಯಲ್ಲಿಯೇ ಸೇರಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಬೇಕೆಂದು ವಿಧಿಸಿದೆ, ಅಜೀರ್ಣವಿರುವವರಿಗೆ ಅದು ವರ್ಜ್ಯವೆಂದೂ ಎಚ್ಚರಿಸಿದೆ. ಯೂರೋಪಿನಲ್ಲಿ ಹಾಲೆಂಡಿನ ವೈದ್ಯ ಮೆಟ್ಸ್‌ಗರ್ (1838–1909) ಈ ಹಸ್ತಕ್ರಿಯೆಗಳನ್ನು ವರ್ಗೀಕರಿಸಿ ಬಳಕೆಗೆ ತಂದನು.

ಕಲಿಯುವ ಕ್ರಮ

ಮುಖ್ಯ ಕ್ರಿಯೆಗಳು ನಾಲ್ಕು: ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು. ಆರಂಭವೂ ಮುಕ್ತಾಯವೂ ಮೃದುವಾದ ನೀವುವಿಕೆಯಿಂದಲೇ ಆಗಬೇಕು. ಕೈಕಾಲುಗಳನ್ನು ತುದಿಯಿಂದ ಹೃದಯದ ಕಡೆಗೆ ನೀವುವುದು ರೂಢಿ. ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತದೆ, ಅದರ ಇಕ್ಕೆಲಗಳ ಸ್ನಾಯುಗಳನ್ನು ಮಾತ್ರ ನಾದಬೇಕು.

ಕಲಿಯುವವನ ಮೊದಲ ಪಾಠ ಮಾತ್ರ ತನ್ನ ದೇಹವೇ. ಸೊಂಟ ಬಗ್ಗಿಸಿ, ಹೆಬ್ಬೆರಳಿನ ಬಲದಿಂದಲೇ ಒತ್ತುವವನು ಬೇಗನೆ ತಾನೇ ರೋಗಿಯಾಗುತ್ತಾನೆ. ಒಂದು ಪಾದವನ್ನು ಮುಂದಿಟ್ಟು, ಮೊಣಕಾಲನ್ನು ತುಸು ಮಡಿಸಿ, ದೇಹದ ಭಾರವನ್ನು ಅಂಗೈಯ ಮೂಲಕ ಇಳಿಬಿಡಬೇಕು. ನೆಲದ ಮೇಲೆ ಮಲಗಿಸಿ ತಿಕ್ಕುವಾಗ ಮೊಣಕಾಲೂರಿ ಕೂಡುವುದು ಲೇಸು.

ಭಂಗಿಯ ಮಹತ್ವ

ಬೆನ್ನುಮೂಳೆಯಲ್ಲಿ ಚಲಿಸುವ ಕಶೇರುಗಳು 24. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂಭಾಗದ ಸ್ನಾಯುಗಳು ಬಿಗಿಯಾಗಿ ಎಳೆದು ಹಿಡಿಯಬೇಕಾಗುತ್ತದೆ. ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಕಶೇರುಗಳ ನಡುವಣ ಬಿಲ್ಲೆಗಳ ಒತ್ತಡವನ್ನು ಅಳೆದು, ಮುಂದೆ ಬಾಗಿ ಕುಳಿತಾಗ ಅದು ನಿಂತಾಗಿನದಕ್ಕಿಂತ ಅಧಿಕವೆಂದು ತೋರಿಸಿದನು. ಕುಳಿತಾಗಲೆಲ್ಲ ಒತ್ತಡ ಹೆಚ್ಚೆಂಬ ಅಭಿಪ್ರಾಯವನ್ನು 1999ರಲ್ಲಿ ಪ್ರಕಟವಾದ ಜರ್ಮನ್ ಮಾಪನಗಳು ತಿದ್ದಿದವು: ಹಿಂದಕ್ಕೆ ಒರಗಿ ಕುಳಿತರೆ ಒತ್ತಡ ಇಳಿಯುತ್ತದೆ. ಆದುದರಿಂದ ಕುರ್ಚಿಗೆ ಬೆನ್ನನ್ನು ಆನಿಸಿ, ಪಾದಗಳನ್ನು ನೆಲಕ್ಕೆ ತಾಗಿಸಿ ಕುಳಿತುಕೊಳ್ಳುವುದು ಹಿತ. ಎಷ್ಟೇ ಉತ್ತಮವಾದ ಭಂಗಿಯೂ ಗಂಟೆಗಟ್ಟಲೆ ಕದಲದಿದ್ದರೆ ಶಿಕ್ಷೆಯೇ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ಎಚ್ಚರಿಕೆ

ಜ್ವರ, ಮೂಳೆಮುರಿತ, ಚರ್ಮದ ಸೋಂಕು ಇದ್ದಾಗ ಮರ್ದನ ಸಲ್ಲದು. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅಲ್ಲಿ ತಿಕ್ಕುವುದು ಪ್ರಾಣಾಪಾಯಕ್ಕೆ ಎಡೆಗೊಡಬಲ್ಲದು. ಬೆನ್ನುನೋವಿನೊಡನೆ ಕಾಲು ಬಲಗುಂದಿದರೆ, ತೊಡೆಸಂದು ಜೋಮುಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆ ಸೇರಬೇಕು. ಇಲ್ಲಿ ವಿಳಂಬವಾದರೆ ಶಾಶ್ವತ ಊನ ಉಳಿಯಬಹುದು.

ಮರ್ದನವು ಸಾಲದ ಬಡ್ಡಿಯನ್ನು ತೀರಿಸಿದಂತೆ. ಕೆಲಕಾಲ ನೆಮ್ಮದಿ ಕೊಡುತ್ತದೆ. ಅಸಲು ಕರಗುವುದು ದಿನನಿತ್ಯ ಕೂಡುವ, ನಿಲ್ಲುವ, ನಡೆಯುವ ರೀತಿಯನ್ನು ತಿದ್ದಿಕೊಂಡಾಗಲೇ. ಮನೆಯ ಹಿರಿಯರು ಈ ಎರಡನ್ನೂ ಒಟ್ಟಿಗೆ ಕಲಿತು ಮಕ್ಕಳಿಗೂ ಕಲಿಸಿದರೆ, ಅದು ಅವರು ಬಿಟ್ಟುಹೋಗುವ ಉತ್ತಮ ಆಸ್ತಿಯಾಗುವುದರಲ್ಲಿ ಸಂದೇಹವಿಲ್ಲ.