ಮನೆಯಂಗಳದ ವಾಹನ ದಾರಿ: ಕಾಂಕ್ರೀಟೋ, ಪೇವರ್ ಬ್ಲಾಕೋ?

ಮನೆ ಕಟ್ಟಿಸುವವರಲ್ಲಿ ಬಹುತೇಕರು ಗೇಟಿನಿಂದ ಪೋರ್ಟಿಕೋವರೆಗಿನ ನೆಲವನ್ನು ಕಟ್ಟಕಡೆಯ ಕೆಲಸವೆಂದು ಉಳಿಸಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಗೃಹಪ್ರವೇಶದ ದಿನ ನಿಗದಿಯಾಗಿರುತ್ತದೆ, ಕೈಯಲ್ಲಿನ ಹಣ ಕರಗಿರುತ್ತದೆ, ಮೇಸ್ತ್ರಿಯ ಗಮನ ಮುಂದಿನ ಕಟ್ಟಡದ ಕಡೆಗೆ ಹೊರಳಿರುತ್ತದೆ. ಇಂತಹ ಗಡಿಬಿಡಿಯಲ್ಲಿ ಎರಡು ದರಪಟ್ಟಿ ತರಿಸಿ, ಚದರ ಅಡಿಗೆ ಯಾವುದು ಕಡಿಮೆಯೋ ಅದಕ್ಕೆ ಒಪ್ಪಿಗೆ ನೀಡುವುದು ರೂಢಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾಂಕ್ರೀಟು ಬಿರುಕು ಬಿಡುತ್ತದೆ, ಇಲ್ಲವೆ ಚಕ್ರ ಹಾಯುವ ಜಾಗದಲ್ಲಿ ಬ್ಲಾಕುಗಳು ಕುಸಿದು ನೀರು ನಿಲ್ಲುತ್ತದೆ. ಆಗ ಮಾಲೀಕರು ಸಾಮಗ್ರಿಯನ್ನು ದೂರುತ್ತಾರೆ, ವರ್ತಕರು ಕೆಲಸಗಾರರನ್ನು ದೂರುತ್ತಾರೆ, ಗುತ್ತಿಗೆದಾರರು ಮಣ್ಣನ್ನು ದೂರುತ್ತಾರೆ.

ನಮ್ಮ ಸದಸ್ಯರಲ್ಲಿ ಇಂತಹ ಕೆಲಸ ಮಾಡಿಸುವವರೂ ಇದ್ದಾರೆ, ಸಿಮೆಂಟು ಹಾಗೂ ಬ್ಲಾಕುಗಳನ್ನು ಮಾರುವವರೂ ಇದ್ದಾರೆ. ಇಬ್ಬರಿಗೂ ಉಪಯುಕ್ತವಾದ ಒಂದು ಮಾತನ್ನು ಆರಂಭದಲ್ಲಿಯೇ ಹೇಳಬಹುದು. ವಾಹನ ದಾರಿಯ ಆಯಸ್ಸು ಮೇಲ್ಪದರಕ್ಕಿಂತ ಹೆಚ್ಚಾಗಿ ಅದರ ತಳಪದರವನ್ನು ಅವಲಂಬಿಸಿದೆ. ಆದುದರಿಂದ ಯಾವುದು ಒಳ್ಳೆಯದೆಂದು ಕೇಳುವ ಮುನ್ನ, ಅಲ್ಲಿನ ಮಣ್ಣು ಯಾವುದು ಮತ್ತು ಆ ನೆಲವನ್ನು ಮತ್ತೆ ಅಗೆಯುವ ಸಂಭವವಿದೆಯೇ ಎಂದು ಕೇಳಿಕೊಳ್ಳಬೇಕು.

ಎರಡರ ಸ್ವಭಾವ

ಕಾಂಕ್ರೀಟು ಏಕಶಿಲೆಯಂತಹ ಹಾಸು. ವಾಹನದ ಭಾರವನ್ನು ಅದು ವಿಶಾಲವಾಗಿ ಹರಡುತ್ತದೆ. ಕೆಳಗಿನ ಮಣ್ಣು ಒಂದು ಕಡೆ ಮಾತ್ರ ಕುಸಿದರೆ ಬಾಗುವ ಗುಣ ಅದಕ್ಕಿಲ್ಲ, ಅದು ಸೀಳುತ್ತದೆ. ತೇಪೆ ಹಾಕಿದರೂ ಬಣ್ಣ ಹೊಂದುವುದಿಲ್ಲ.

ಪೇವರ್ ಬ್ಲಾಕುಗಳ ಹಾಸಿನಲ್ಲಿ ನೂರಾರು ಬಿಡಿ ತುಂಡುಗಳು ಸಂದುಗಳ ಮರಳಿನ ಮೂಲಕ ಒಂದಕ್ಕೊಂದು ಆತುಕೊಂಡಿರುತ್ತವೆ. ನೆಲ ತುಸು ಕದಲಿದರೆ ಹಾಸೂ ಕದಲುತ್ತದೆ, ಆದರೆ ಒಡೆಯುವುದಿಲ್ಲ. ಕುಸಿದ ಭಾಗವನ್ನು ಎತ್ತಿ, ತಳ ಸರಿಪಡಿಸಿ, ಅವೇ ಬ್ಲಾಕುಗಳನ್ನು ಮರಳಿ ಕೂರಿಸಬಹುದು. ಹಾಸಿ ದಮ್ಮಸು ಮಾಡಿದ ಕೂಡಲೇ ವಾಹನ ಏರಿಸಲೂ ಬಹುದು. ಆದರೆ ಸಂದುಗಳಲ್ಲಿ ಹುಲ್ಲು ಬೆಳೆಯುತ್ತದೆ, ಇರುವೆ ಮಣ್ಣು ಹೊರಹಾಕುತ್ತದೆ, ಆಗಾಗ ಮರಳು ತುಂಬಬೇಕಾಗುತ್ತದೆ.

ಮೊದಲು ಮಣ್ಣು

ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಭಾಗಗಳ ಕೆಂಪು ಮಣ್ಣು ಚೆನ್ನಾಗಿ ದಮ್ಮಸಾಗುತ್ತದೆ. ಅಲ್ಲಿ ಎರಡೂ ಹಾಸುಗಳು ಬಾಳುತ್ತವೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಎರೆಮಣ್ಣಿನ ವಿಚಾರವೇ ಬೇರೆ. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಸುರಿದ ಕಾಂಕ್ರೀಟು ಎಷ್ಟೇ ಬಲವಾಗಿದ್ದರೂ ಸೀಳದೆ ಉಳಿಯುವುದು ಕಷ್ಟ. ಎಂಜಿನಿಯರರ ಸಲಹೆಯಂತೆ ಮೇಲಿನ ಎರೆಯನ್ನು ತೆಗೆದು, ಉಬ್ಬದ ಗರಸನ್ನು ಪದರ ಪದರವಾಗಿ ತುಂಬಿ ದಮ್ಮಸು ಮಾಡಿಸಬೇಕು. ಈ ವೆಚ್ಚ ಎರಡು ಬಗೆಯ ಹಾಸಿಗೂ ಸಮಾನ. ಇಷ್ಟಾದ ಮೇಲೂ ಸ್ವಲ್ಪ ಚಲನೆ ಉಳಿಯುವುದರಿಂದ, ಎರೆ ನೆಲದಲ್ಲಿ ಮರಳಿ ಕೂರಿಸಬಹುದಾದ ಬ್ಲಾಕುಗಳಿಗೆ, ಅಥವಾ ಆ ಭಾಗದಲ್ಲಿ ಸುಲಭವಾಗಿ ದೊರೆಯುವ ಶಹಾಬಾದ್ ಕಲ್ಲಿನ ದಪ್ಪ ಫರ್ಸಿಗೆ, ಆದ್ಯತೆ ನೀಡುವುದು ವಿವೇಕ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅಲ್ಲಿನ ಇಳಿಜಾರು ಅಂಗಳಗಳಲ್ಲಿ ರಭಸದ ನೀರು ಬ್ಲಾಕುಗಳ ಸಂದಿನ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಅಂತಹ ಕಡೆ ಪೊರಕೆಯಿಂದ ಗೀರು ಮೂಡಿಸಿದ ಒರಟು ಮೇಲ್ಮೈಯ ಕಾಂಕ್ರೀಟು ಸೂಕ್ತ. ನುಣುಪಾಗಿ ತೀಡಿದರೆ ಪಾಚಿ ಕಟ್ಟಿದಾಗ ಜಾರುತ್ತದೆ.

ನೆಲದಡಿಯಲ್ಲಿ ಏನಿದೆ?

ನಮ್ಮ ಮನೆಗಳಲ್ಲಿ ನೀರಿನ ಸಂಪು, ಒಳಚರಂಡಿಯ ಕೊಳವೆ, ಬೋರ್‌ವೆಲ್‌ನ ಕೇಬಲ್ಲು ಎಲ್ಲವೂ ಸಾಮಾನ್ಯವಾಗಿ ಈ ದಾರಿಯ ಅಡಿಯಲ್ಲಿಯೇ ಇರುತ್ತವೆ. ಇವುಗಳಲ್ಲಿ ಯಾವುದಾದರೂ ಹಳೆಯದಾಗಿದ್ದರೆ, ಅಥವಾ ಹೊಸ ಸಂಪರ್ಕ ಬರುವುದು ಬಾಕಿಯಿದ್ದರೆ, ಬ್ಲಾಕುಗಳೇ ಲೇಸು. ಕಾಂಕ್ರೀಟನ್ನೇ ಆರಿಸಿಕೊಂಡವರು ಕೊಳವೆಗಳನ್ನು ಮೊದಲೇ ಬದಲಿಸಿ, ಮುಂದಿನ ಅಗತ್ಯಕ್ಕೆಂದು ಒಂದೆರಡು ಖಾಲಿ ಪಿವಿಸಿ ಪೈಪುಗಳನ್ನು ಅಡ್ಡಲಾಗಿ ಹುದುಗಿಸಿಡುವುದು ಒಳಿತು.

ಸಂಪಿನ ಮುಚ್ಚಳದ ಸ್ಲ್ಯಾಬು ಕಾರಿನ ಭಾರಕ್ಕೆ ತಕ್ಕಂತೆ ಕಟ್ಟಲ್ಪಟ್ಟಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮೇಲೆ ಏನನ್ನೂ ಹಾಸಬಾರದು. ಇದು ಪ್ರಾಣಕ್ಕೆ ಸಂಬಂಧಿಸಿದ ವಿಚಾರ. ಸಂಪು ಮತ್ತು ಚೇಂಬರುಗಳ ಸುತ್ತ ಕಾಂಕ್ರೀಟನ್ನು ಬೆಸೆಯದೆ ಸಂದು ಬಿಡಬೇಕು.

ಕಾಂಕ್ರೀಟಾದರೆ

3 ಮೀಟರ್ ಅಗಲ, 9 ಮೀಟರ್ ಉದ್ದದ ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ವಿಸ್ತೀರ್ಣ 27 ಚದರ ಮೀಟರ್, ಅಂದರೆ ಸುಮಾರು 290 ಚದರ ಅಡಿ. ಕಾರುಗಳಿಗೆ 125 ಮಿ.ಮೀ. ದಪ್ಪ ಸಾಕಾಗುತ್ತದೆ, ಆಗ ಬೇಕಾಗುವ ಕಾಂಕ್ರೀಟು ಸುಮಾರು 3.4 ಘನ ಮೀಟರ್. ಎಂ-20 ದರ್ಜೆಗೆ ಘನ ಮೀಟರಿಗೆ ಸುಮಾರು 8 ಚೀಲದಂತೆ 27 ಚೀಲ ಸಿಮೆಂಟು ಬೇಕು. ಐಎಸ್ 456:2000ರ ಪ್ರಕಾರ ಈ ದರ್ಜೆಯ ನಿಗದಿತ ಮಿಶ್ರಣದಲ್ಲಿ 50 ಕಿಲೋ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸೇರಿಸುವಂತಿಲ್ಲ. ಸುರಿಯಲು ಸುಲಭವೆಂದು ಕೆಲಸಗಾರರು ಸೇರಿಸುವ ಒಂದೊಂದು ಬಕೆಟ್ ಹೆಚ್ಚುವರಿ ನೀರೂ ಕಾಂಕ್ರೀಟಿನ ಬಲವನ್ನು ಕುಗ್ಗಿಸುತ್ತದೆ.

ಬಿರುಕನ್ನು ಸಂಪೂರ್ಣವಾಗಿ ತಡೆಯಲಾಗದು. ಅದು ಎಲ್ಲಿ ಮೂಡಬೇಕೆಂದು ನಾವು ನಿರ್ಧರಿಸಬಹುದು. ಮೇಲಿನ ಉದಾಹರಣೆಯಲ್ಲಿ 3 ಮೀಟರಿಗೊಂದರಂತೆ ಎರಡು ಅಡ್ಡ ಸಂದುಗಳನ್ನು ದಪ್ಪದ ಕಾಲುಭಾಗದಷ್ಟು ಆಳಕ್ಕೆ ಕೊರೆಸಿದರೆ, ಮೂರು ಚೌಕಗಳಾಗಿ ಬಿರುಕು ಆ ಗೆರೆಯಲ್ಲಿಯೇ ಅಡಗುತ್ತದೆ. ಕಾಂಕ್ರೀಟು ಗಟ್ಟಿಯಾದ ಕೂಡಲೇ, ತಡವೆಂದರೆ ಮರುದಿನವೇ, ಈ ಕೆಲಸ ಮುಗಿಯಬೇಕು. ಕಬ್ಬಿಣದ ಜಾಲರಿ ಹಾಕಿಸುವುದಾದರೆ ಅದು ಮೇಲಿನ ಮೂರನೇ ಒಂದು ಭಾಗದಲ್ಲಿರಬೇಕು; ಮಣ್ಣಿನ ಮೇಲೆ ಮಲಗಿಸಿದ ಜಾಲರಿ ವ್ಯರ್ಥ.

ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಯಂತಹ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಬಿಸಿಲಿನ ಒಣ ಹವೆಯಲ್ಲಿ ಈ ಅವಧಿ ಇನ್ನೂ ಹೆಚ್ಚು. ಅದು ಮುಗಿಯುವ ಮುನ್ನ ಕಾರು ಏರಿಸಬಾರದು. ಸರಕು ವಾಹನವಾದರೆ 28 ದಿನ ಕಾಯುವುದು ಉತ್ತಮ.

ಬ್ಲಾಕುಗಳಾದರೆ

ಪೇವರ್ ಬ್ಲಾಕುಗಳಿಗೆ ಐಎಸ್ 15658 ಎಂಬ ಭಾರತೀಯ ಮಾನಕವಿದೆ. 2006ರ ಅದರ ಮೊದಲ ಆವೃತ್ತಿಯ ವರ್ಗೀಕರಣದಂತೆ ವಾಹನವಿಲ್ಲದ ಜಾಗಕ್ಕೆ 50 ಮಿ.ಮೀ. ದಪ್ಪದ ಎಂ-30, ಲಘು ಸಂಚಾರಕ್ಕೆ 60 ಮಿ.ಮೀ. ದಪ್ಪದ ಎಂ-35, ಮಧ್ಯಮ ಸಂಚಾರಕ್ಕೆ 80 ಮಿ.ಮೀ. ದಪ್ಪದ ಎಂ-40 ದರ್ಜೆ ಸೂಕ್ತ. ಕಾರು ಮಾತ್ರ ಬರುವ ಮನೆಗೆ 60 ಮಿ.ಮೀ. ಸಾಕು, ಸರಕು ತುಂಬಿದ ಟೆಂಪೊ ಬರುವ ಅಂಗಳಕ್ಕೆ 80 ಮಿ.ಮೀ. ಇರಲಿ. ತೋಟದ ಕಾಲುದಾರಿಗೆಂದು ಮಾಡಿದ ತೆಳು ಬ್ಲಾಕನ್ನು ಅಗ್ಗವೆಂದು ಕಾರಿನ ದಾರಿಗೆ ಹಾಕಿಸುವುದು ಸಾಮಾನ್ಯ ತಪ್ಪು.

200 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಬ್ಲಾಕುಗಳು ಚದರ ಮೀಟರಿಗೆ 50 ಬೇಕು. ನಮ್ಮ ಉದಾಹರಣೆಗೆ 1,350. ಕತ್ತರಿಕೆಯ ನಷ್ಟ ಸೇರಿ ಸುಮಾರು 1,400. ಮುಂದಿನ ದುರಸ್ತಿಗೆಂದು ಅದೇ ತಯಾರಿಕೆಯ ಕೆಲವನ್ನು ಎತ್ತಿಡಬೇಕು. ತಳದಲ್ಲಿ ದಮ್ಮಸು ಮಾಡಿದ ಜಲ್ಲಿಯ ಪದರ, ಅದರ ಮೇಲೆ ಸುಮಾರು 30 ಮಿ.ಮೀ. ದಪ್ಪ ಮರಳು, ಅದರ ಮೇಲೆ ಬ್ಲಾಕು ಎಂಬುದು ಸರಿಯಾದ ಕ್ರಮ. ಮರಳಿನ ಬದಲು ಕ್ರಷರಿನ ನುಣ್ಣನೆಯ ಪುಡಿಯನ್ನು ಹಾಕಿದರೆ ಅದು ನೀರು ಹಿಡಿದು ಮೆತ್ತಗಾಗುತ್ತದೆ. ಎರಡೂ ಅಂಚುಗಳಲ್ಲಿ ಕಾಂಕ್ರೀಟಿನಲ್ಲಿ ಕೂರಿಸಿದ ಕರ್ಬ್ ಕಲ್ಲು ಇಲ್ಲದಿದ್ದರೆ ಹೊರಸಾಲು ಸರಿದು ಇಡೀ ಹಾಸು ಸಡಿಲವಾಗುತ್ತದೆ. ಸಂದುಗಳಿಗೆ ಸಿಮೆಂಟು ಹಾಲು ಸುರಿಯುವ ಅಭ್ಯಾಸವೂ ಸಲ್ಲದು. ಅದರಿಂದ ಹಾಸು ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ, ಕಾಂಕ್ರೀಟಿನ ಬಲವನ್ನೂ ಪಡೆಯುವುದಿಲ್ಲ.

ನೀರಿನ ದಾರಿ

ಈ 27 ಚದರ ಮೀಟರಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ 1,350 ಲೀಟರ್ ನೀರಾಗುತ್ತದೆ. ಬ್ಲಾಕು ಹಾಸಿದರೆ ನೀರೆಲ್ಲ ಇಂಗುತ್ತದೆಂಬುದು ತಪ್ಪು ತಿಳಿವಳಿಕೆ. ಇಂಗಿಸಲೆಂದೇ ಅಗಲ ಸಂದು ಹಾಗೂ ಜಲ್ಲಿ ತಳ ರಚಿಸದಿದ್ದಲ್ಲಿ ಬಹುಪಾಲು ನೀರು ಮೇಲೆಯೇ ಹರಿಯುತ್ತದೆ. ಯಾವ ಹಾಸಾದರೂ 50ಕ್ಕೆ 1ರಷ್ಟು ಇಳಿಜಾರು ಇರಲಿ. ಆ ಇಳಿಜಾರು ಮನೆಯ ಗೋಡೆಯಿಂದ ಹೊರಮುಖವಾಗಿರಲಿ. ನೀರನ್ನು ನೆರೆಯವರ ಕಡೆಗೆ ಬಿಡದೆ ಇಂಗುಗುಂಡಿಗೆ ತಿರುಗಿಸಬೇಕು. ಬೆಂಗಳೂರಿನಲ್ಲಂತೂ 2009ರ ಕಾಯ್ದೆ ತಿದ್ದುಪಡಿಯ ನಂತರ ನಿಗದಿತ ಅಳತೆ ಮೀರಿದ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ.

ದರಪಟ್ಟಿಯನ್ನು ಓದುವ ಬಗೆ

ಎರಡು ದರಪಟ್ಟಿಗಳ ನಡುವಿನ ವ್ಯತ್ಯಾಸ ಹೆಚ್ಚಾಗಿ ಕಣ್ಣಿಗೆ ಕಾಣದ ಪದರಗಳಲ್ಲಿ ಅಡಗಿರುತ್ತದೆ. ಆದುದರಿಂದ ಅಗೆತದ ಆಳ, ಗರಸು ಮತ್ತು ಜಲ್ಲಿ ಪದರಗಳ ದಮ್ಮಸಾದ ದಪ್ಪ, ಕಾಂಕ್ರೀಟಿನ ಅಥವಾ ಬ್ಲಾಕಿನ ದರ್ಜೆ, ಸಂದುಗಳ ಅಂತರ, ಅಂಚಿನ ಕಲ್ಲು, ಇಳಿಜಾರು, ಕ್ಯೂರಿಂಗಿನ ಹೊಣೆ ಇವಿಷ್ಟನ್ನೂ ಬರಹದಲ್ಲಿ ಪಡೆಯಬೇಕು. ಹಳೆಯ ದರಗಳನ್ನು ಆಧರಿಸಿ ಹೋಲಿಸುವುದೂ ಸರಿಯಲ್ಲ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಗಟ್ಟಿ ನೆಲ, ಕಡಿದಾದ ಇಳಿಜಾರು, ಮತ್ತೆ ಅಗೆಯುವ ಪ್ರಮೇಯವಿಲ್ಲದ ಜಾಗ ಇದ್ದಲ್ಲಿ ಕಾಂಕ್ರೀಟು; ಕದಲುವ ಮಣ್ಣು, ಹಳೆಯ ಕೊಳವೆಗಳು, ಕಾಯಲು ಸಮಯವಿಲ್ಲದ ಸಂದರ್ಭ ಇದ್ದಲ್ಲಿ ಬ್ಲಾಕು. ಹಣ ಸಾಲದಾದಾಗ ತಳಪದರವನ್ನು ತೆಳುವಾಗಿಸುವ ಬದಲು, ಚಕ್ರ ಹಾಯುವಷ್ಟು ಅಗಲಕ್ಕೆ ಮಾತ್ರ ಸರಿಯಾದ ಹಾಸು ಹಾಕಿಸಿ ಉಳಿದುದನ್ನು ಮಣ್ಣಾಗಿಯೇ ಬಿಡುವುದು ಜಾಣತನ. ಮಾರುವ ಸದಸ್ಯರೂ ಗ್ರಾಹಕರಿಗೆ ಬಣ್ಣದ ಪಟ್ಟಿ ತೋರಿಸುವ ಮೊದಲು ಅವರ ಮಣ್ಣಿನ ಬಗ್ಗೆ ವಿಚಾರಿಸುವುದಾದರೆ, ಮಳೆಗಾಲದ ನಂತರ ಬರುವ ದೂರುಗಳು ಕಡಿಮೆಯಾಗುವುದರಲ್ಲಿ ಸಂದೇಹವಿಲ್ಲ.